ಮೂರನೆಯ ಕೂಗು

ತಮ್ಮಾ ಪಲ್ಟು,

ಇವತ್ತು ಏಕಾದಶಿ, ಉಪವಾಸ. ಅಂಗಳ ಸಾರಿಸಿ, ತುಳಸಿಗೆ ನೀರೆರೆದು, ನೀನು ಹೋದ ಮೇಲೆ ಅಚ್ಚಾಗಿ ಬಂದ ನಿನ್ನ ದೆವ್ವದ ಕತೆಗಳನ್ನು ಓದಿ ಮುಗಿಸಿದೆ.

"ಏಕಾದಶಿಗೂ ದೆವ್ವಾನೇ ಬೇಕಾ ದೀದಿ?" ಅಂತ ಪಕ್ಕದ ಮನೆ ಮಾಲೋತಿ ಛೇಡಿಸಿದಳು.

"ನನ್ನ ತಮ್ಮನ ದೆವ್ವ ಕಣೇ," ಅಂದೆ.

ಬಿದಿರುಮೆಳೆಯ ಕತೆಗೆ ಮೈ ಜುಮ್ಮೆಂದಿತು. ಉಳಿದ ದೆವ್ವಗಳಿಗೆ ಮಾತು ಜಾಸ್ತಿ. ಕೊನೆಯದರಲ್ಲಿ ತಪ್ಪೇ ಇದೆ: ಕತ್ತಲಲ್ಲಿ ಕೂಗಿ, ಓಗೊಟ್ಟವರನ್ನು ಎಳೆದೊಯ್ಯುವ ನಿಶಿಪಿಶಾಚಿ ಮೂರು ಸಲ ಕೂಗುತ್ತದೆ ಅಂತ ಬರೆದಿದ್ದೀಯ. ಅದು ಕೂಗುವುದು ಎರಡೇ ಸಲ, ಮೂರನೆಯ ಕೂಗು ಮನುಷ್ಯರದು ಅಂತ ಅಮ್ಮ ಹೇಳಿರಲಿಲ್ಲವೇ? ಆ ಮುಸ್ಸಂಜೆ ಕೊಳದಲ್ಲಿ ಕಾಲು ಜಾರಿದ ನೀನು ಎರಡೇ ಸಲ ಕೂಗಿದೆ. ನಾನು ಒಳಗೆ ಮೂರನೆಯದಕ್ಕೆ ಕಾಯುತ್ತಾ ಕೂತಿದ್ದೆ.

ಪುಸ್ತಕ ಮುಚ್ಚುವಾಗ ಕೊಳದ ಕಡೆಯಿಂದ "ದೀದಿ" ಎಂದು ಕೇಳಿತು. ಒಂದೇ ಸಲ. ಕಾಯದೆ "ಬಂದೆ ಕಣೋ" ಅಂದೆ. ನೀರು ಅಲುಗಲಿಲ್ಲ. ನನ್ನ ಉತ್ತರ ನಿನ್ನನ್ನು ಮುಟ್ಟಲಿಲ್ಲವೇನೋ. ಅದನ್ನು ತೆಗೆದುಕೊಂಡು ಹೋಗಲು ಯಾರನ್ನಾದರೂ ಕಳಿಸು.