ಹಳೆಯ ಜ್ವರದ ಗುರುತು

ಜೂನ್ 9, ಬೆಳಿಗ್ಗೆ

ಮಗಳು ಗುಬ್ಬಿಗೆ ಮತ್ತೆ ಜ್ವರ. ಕತ್ತಿನ ಎರಡೂ ಕಡೆ ಗಂಟು. ಅವಳಿಗೆ ಸ್ಕೂಲ್ ರಜೆ, ನನಗೆಲ್ಲಿಯ ರಜೆ? ಲ್ಯಾಬಿಗೇ ಕರೆದೊಯ್ದೆ. ದಿನವೂ ಊರವರ ರಕ್ತ ತೆಗೆದು ಪರೀಕ್ಷಿಸುವವಳು, ಇವಳದ್ದೂ ನಾನೇ.

"ನೀನೇ ಚುಚ್ಚಮ್ಮ. ಅವರೆಲ್ಲ ಇರುವೆ ಕಚ್ಚಿದ ಹಾಗೆ ಅಂತ ಸುಳ್ಳು ಹೇಳ್ತಾರೆ."

"ನೋಯುತ್ತೆ ಕಣೆ. ಮೂರು ಎಣಿಸೋವರೆಗೆ."

ಎಣಿಸಿದಳು. ಅಳಲಿಲ್ಲ. ನನ್ನ ಕಣ್ಣೇ ತುಂಬಿತು.

ಜೂನ್ 10

ಚಳಿಗಾಲದಲ್ಲಿ ಬಂದಿದ್ದು ಗ್ರಂಥಿ ಜ್ವರ, ಕತ್ತಿನಲ್ಲಿ ಗಂಟು ಏಳಿಸುವ ವೈರಸ್ ಜ್ವರ. ಆಗ ರ‍್ಯಾಪಿಡ್ ಟೆಸ್ಟ್ ನೆಗೆಟಿವ್ — ಚಿಕ್ಕ ಮಕ್ಕಳಲ್ಲಿ ಅದು ಕೈಕೊಡುತ್ತದೆ. ಆಂಟಿಬಾಡಿ ನೋಡಿದ ಮೇಲೆಯೇ ಗೊತ್ತಾಗಿದ್ದು. ಈಗಲೂ ಆಂಟಿಬಾಡಿ ಪಾಸಿಟಿವ್! ಅದೇ ಜ್ವರ, ಮರುಕಳಿಸಿದೆ ಅಷ್ಟೇ. ಅತ್ತೆಗೆ ಫೋನ್ ಮಾಡಿದೆ. "ಸದ್ಯ, ಬೆಟ್ಟದ ಹಾಗೆ ಬಂದಿದ್ದು ಮಂಜಿನ ಹಾಗೆ ಕರಗ್ತಲ್ಲ" ಅಂದರು. ಇಬ್ಬರೂ ನಕ್ಕೆವು.

ಜೂನ್ 27

ಜ್ವರ ಬಿಟ್ಟು ಬಿಟ್ಟು ಬರುತ್ತಿದೆ. ಬೆವರಿಗೆ ದಿಂಬು ಒದ್ದೆ. ಎಡಗಡೆ ಗಂಟು ಇಳಿದಿಲ್ಲ... ಗಟ್ಟಿ. ಒತ್ತಿದರೂ ನೋವಿಲ್ಲವಂತೆ. ನೋವಿಲ್ಲ ಎಂದಾಗಲೇ ಭಯವಾಯಿತು; ಸೋಂಕಿನ ಗಂಟಾದರೆ ನೋಯುತ್ತದೆ.

ಮಕ್ಕಳ ಡಾಕ್ಟರ್ ರಿಪೋರ್ಟ್ ನೋಡಿ ಕನ್ನಡಕ ತೆಗೆದರು. "ಈ ಆಂಟಿಬಾಡಿ ಹಳೇ ಜ್ವರದ ಗುರುತಮ್ಮ. ಜೀವನಪೂರ್ತಿ ಇರುತ್ತೆ. ಹೊಸ ಸೋಂಕಿಂದು ನೆಗೆಟಿವ್ ಇದೆಯಲ್ಲ, ನೋಡ್ಲಿಲ್ವಾ? ಈ ಜ್ವರ ಮತ್ತೆ ಮತ್ತೆ ಬರೋದು ತೀರಾ ಅಪರೂಪ. ಗಂಟಿನ ಚೂರು ತೆಗೆದು ನೋಡೋಣ."

ನೋಡಿದ್ದೆ. ಎರಡೂ ಸಾಲು ಟೈಪ್ ಮಾಡಿದವಳೇ ನಾನು. ಬೇರೆಯವರ ಮಗುವಾಗಿದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಹೋಗುತ್ತಿತ್ತು. ಲ್ಯಾಬಿಗೆ ಹೊಸದಾಗಿ ಸೇರಿದವರಿಗೆ ಎರಡೂ ಸಾಲು ಓದಿ ಎಂದೇ ಪಾಠ ಹೇಳುತ್ತೇನೆ. ನನ್ನ ಮಗಳ ರಿಪೋರ್ಟಿನಲ್ಲಿ ನನಗೆ ಬೇಕಾದ ಸಾಲನ್ನಷ್ಟೇ ಓದಿಕೊಂಡೆ.

ಜುಲೈ 4

ಗುಬ್ಬಿಯ ಗಂಟಿನ ಚೂರಿನ ಸ್ಲೈಡ್ ನಮ್ಮ ಲ್ಯಾಬಿಗೇ ಬಂತು. ನಮ್ಮ ಪೆಥಾಲಜಿಸ್ಟ್ ಮೇಡಂ ಮೈಕ್ರೋಸ್ಕೋಪಿನಿಂದ ತಲೆಯೆತ್ತಲೇ ಇಲ್ಲ. ಎಂಥ ಕೆಟ್ಟ ಸ್ಲೈಡ್ ಬಂದರೂ "ಬಾರೇ, ಇದನ್ನ ನೋಡು" ಎಂದು ಕರೆಯುವವರು.

"ನೀನು ನೋಡ್ಬೇಡ. ಮನೆಗೆ ಹೋಗು."

ಹೋದೆ. ಕೋಟು ಬಿಚ್ಚಲೂ ಮರೆತು, ಬಸ್ಸಿನಲ್ಲಿ ಅದರಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಕ್ಯಾನ್ಸರ್. ಬರೆದುಬಿಟ್ಟೆ. ಬಾಯಲ್ಲಿ ಇನ್ನೂ ಬಂದಿಲ್ಲ.

ಜುಲೈ 6, ಬೆಳಿಗ್ಗೆ

ಇವತ್ತು ಅಡ್ಮಿಟ್. ಇವರು ಬ್ಯಾಗಿಗೆ ಬಟ್ಟೆ ತುಂಬುತ್ತಾ ಅದದೇ ಫ್ರಾಕ್ ತೆಗೆದು ಮತ್ತೆ ಮಡಚುತ್ತಿದ್ದಾರೆ. ಗುಬ್ಬಿ ಬಂದು ನನ್ನ ಮಂಡಿಗೆ ಒರಗಿದಳು.

"ಅಪ್ಪ ಏನೂ ಆಗಲ್ಲ ಅಂದ್ರು. ಸುಳ್ಳು ಅಲ್ವಾ? ನೀನು ಹೇಳಮ್ಮ. ಈ ಸಲ ಎಷ್ಟು ಎಣಿಸ್ಬೇಕು?"

ಬರೆಯುವವಳಂತೆ ತಲೆ ತಗ್ಗಿಸಿದ್ದೇನೆ. ಅವಳು ಹೋಗಿಲ್ಲ. ಕಾಯುತ್ತಿದ್ದಾಳೆ. ಹೇಳಬೇಕು. ನೋಯುತ್ತೆ ಕಣೆ, ಎಷ್ಟು ಅಂದ್ರೆ —