ಗೋವಿಂದಮ್ಮನ ದಿವಾಳಿ ಅರ್ಜಿ

ಹೊಸ ತಿಪ್ಪಸಂದ್ರ, ಬೆಂಗಳೂರು
17 ಫೆಬ್ರವರಿ 2002, ಭಾನುವಾರ

ಮಗು ಸುನೀಲನಿಗೆ ಅಮ್ಮನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಚಿತ್ರದುರ್ಗದ ಬಿಸಿಲಿನಲ್ಲಿ ಶಾಲೆಯ ಮಕ್ಕಳಿಗೆ ಡ್ರಿಲ್ ಮಾಡಿಸುವಾಗ ನೀನು ತಲೆಗೆ ಟೋಪಿ ಹಾಕಿಕೊಳ್ಳುತ್ತೀಯೋ ಇಲ್ಲವೋ ಎಂಬುದೇ ನನ್ನ ಯೋಚನೆ. ನಿನ್ನ ಪತ್ರ ಬಂದು ನಾಲ್ಕು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಸಿಟ್ಟಾಗಬೇಡ. ಕೋರ್ಟಿನ ಕೊನೆಯ ಆದೇಶ ಕೈಗೆ ಬಂದ ಮೇಲೆಯೇ ಬರೆಯೋಣ ಎಂದು ಕಾದಿದ್ದೆ. ಹೋದ ಸೋಮವಾರ ಬಂತು. ನಿನ್ನ ಅಮ್ಮ ಈಗ ದಿವಾಳಿಯಿಂದ ಬಿಡುಗಡೆಯಾದವಳು.

'ಕೆ.ಆರ್. ಪುರದ ಸೈಟನ್ನು ಮೊದಲೇ ನನ್ನ ಹೆಸರಿಗೆ ಬರೆದಿದ್ದರೆ ಅದು ಉಳಿಯುತ್ತಿತ್ತು, ನಮ್ಮ ಮಾನವೂ ಪೇಪರಿಗೆ ಬರುತ್ತಿರಲಿಲ್ಲ' ಎಂದು ನೀನು ಬರೆದಿದ್ದೆ. ಆಗ ನೀನು ಹಾಸ್ಟೆಲಿನಲ್ಲಿದ್ದೆ. ಇಲ್ಲಿ ನಡೆದದ್ದು ನಿನಗೆ ಅರ್ಧವೇ ಗೊತ್ತು. ಪೂರ್ತಿ ಹೇಳುತ್ತೇನೆ, ಕೇಳು.

ಜೋಗುಪಾಳ್ಯದ ನಮ್ಮ ಹೊಲಿಗೆ ಶೆಡ್ಡಿನಲ್ಲಿ ಹತ್ತು ಮಷೀನು ಓಡುತ್ತಿದ್ದವಲ್ಲ, ಅಷ್ಟಕ್ಕೂ ಕೆಲಸ ಕೊಡುತ್ತಿದ್ದವನು ಒಬ್ಬನೇ ಎಕ್ಸ್‌ಪೋರ್ಟಿನವನು. ತೊಂಬತ್ತೇಳರಲ್ಲಿ ಅವನು ಏಳು ತಿಂಗಳ ಬಿಲ್ಲು ಬಾಕಿ ಉಳಿಸಿಕೊಂಡು ಬಾಗಿಲು ಹಾಕಿದ. ಹುಡುಗಿಯರ ಸಂಬಳ ನಿಲ್ಲಿಸಬಾರದೆಂದು ನಾನು ಸಾಲ ಮಾಡಿದೆ. ಆ ಸಾಲ ತೀರಿಸಲು ಇನ್ನೊಂದು, ಅದರ ಬಡ್ಡಿಗೆ ಮತ್ತೊಂದು. ಕೊನೆಗೆ ನಾಲ್ಕು ಲಕ್ಷ ದಾಟಿತು. ಫೈನಾನ್ಸಿನ ಹುಡುಗರು ಬೆಳಗಾದರೆ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ನಾನು ಹಾಲು ತರಲು ಹಿಂದಿನ ಗೋಡೆ ಹತ್ತಿ ಹೋದ ದಿನವೂ ಉಂಟು.

ದಾರಿ ತೋರಿಸಿದವರು ಹಲಸೂರಿನ ವಕೀಲರ ಗುಮಾಸ್ತ ಅಂಜನಮೂರ್ತಿ. ಹೆಂಡತಿಯ ರವಿಕೆ ಹೊಲಿಸಲು ಬಂದವರು ನನ್ನ ಮುಖ ನೋಡಿ ವಿಷಯ ಕೇಳಿದರು. ಐಪಿ ಹಾಕಿ, ಅಂದರೆ ಕೋರ್ಟಿಗೆ ದಿವಾಳಿ ಅರ್ಜಿ ಕೊಡಿ ಎಂದರು. ನನಗೆ ಮೈ ಉರಿಯಿತು. ಊರು ಬಿಟ್ಟು ಓಡುವವರ ಕೆಲಸ ಅದು, ನಾನು ಓಡುವವಳಲ್ಲ ಎಂದೆ.

"ಓಡೋರು ಬೇರೆ, ಇದು ಬೇರೆ ಕಣಮ್ಮ," ಎಂದರು. "ಇರೋದೆಲ್ಲಾ ತಂದು ಕೋರ್ಟ್ ಮುಂದೆ ಇಡೋದು. ಇಷ್ಟಿದೆ, ಇಷ್ಟು ಕೊಡ್ಬೇಕು, ನನ್ ಕೈಲಿ ಆಗ್ತಿಲ್ಲ ಅಂತ ಹೇಳೋಕೆ ಧೈರ್ಯ ಬೇಕು."

ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದರು. ಕೋರ್ಟು ಒಬ್ಬ ರಿಸೀವರನ್ನು ನೇಮಿಸುತ್ತದೆ. ಆತ ಆಸ್ತಿ ಮಾರಿ, ಸಾಲ ಕೊಟ್ಟವರಿಗೆಲ್ಲ ಪ್ರಮಾಣದಂತೆ ಹಂಚುತ್ತಾನೆ. ಅಡುಗೆ ಪಾತ್ರೆ, ಉಡುವ ಬಟ್ಟೆ, ಕಸುಬಿನ ಉಪಕರಣ ಮುಟ್ಟುವಂತಿಲ್ಲ. ನಡತೆ ಸರಿಯಿದ್ದರೆ ಕೊನೆಗೆ ಉಳಿದ ಸಾಲದಿಂದ ಬಿಡುಗಡೆ. ಕಷ್ಟವನ್ನೂ ಮುಚ್ಚಿಡಲಿಲ್ಲ. ಹೆಸರು ಪೇಪರಿನಲ್ಲಿ ಬರುತ್ತದೆ, ಬಿಡುಗಡೆಯಾಗುವವರೆಗೆ ವಿಷಯ ಮುಚ್ಚಿಟ್ಟು ಯಾರಲ್ಲೂ ಸಾಲ ಕೇಳುವಂತಿಲ್ಲ, ಒಂದು ಗುಂಜಿ ಚಿನ್ನ ಬಚ್ಚಿಟ್ಟರೂ ಜೈಲು. ಸೈಟನ್ನು ಮಗನ ಹೆಸರಿಗೆ ಮಾಡಬಹುದೇ ಎಂದು ನಾನೂ ಕೇಳಿದೆ ಸುನೀಲ, ಸುಳ್ಳೇಕೆ ಹೇಳಲಿ. ಸಾಲ ಕೊಟ್ಟವರಿಗೆ ತಪ್ಪಿಸಲು ಮಾಡಿದ ಪತ್ರವನ್ನು ಕೋರ್ಟೇ ರದ್ದು ಮಾಡುತ್ತದೆ, ಆಮೇಲೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ ಎಂದರು. ಆ ಯೋಚನೆ ಅಲ್ಲಿಗೇ ಬಿಟ್ಟೆ.

ಪಟ್ಟಿ ಬರೆಯುವಾಗ ಪಕ್ಕದಲ್ಲಿದ್ದವಳು ಶರ್ಫುನ್ನೀಸಾ. ಎಂಟು ವರ್ಷ ನಮ್ಮಲ್ಲಿ ಕಾಜಾ ಗುಂಡಿ ಹಾಕಿದವಳು. ಮಗಳ ಮದುವೆಗೆಂದು ಕೂಡಿಟ್ಟಿದ್ದ ಹದಿನೆಂಟು ಸಾವಿರವನ್ನು ನನಗೆ ಕೊಟ್ಟಿದ್ದಳು. ನನ್ನ ಎರಡೆಳೆ ಸರ ನೋಡಿ, "ಅಕ್ಕಾ, ಇದು ನಮ್ಮನೇಲಿ ಇರ್ಲಿ, ಯಾರಿಗೂ ಗೊತ್ತಾಗಲ್ಲ," ಎಂದಳು. ತನ್ನ ದುಡ್ಡೇ ಮುಳುಗುತ್ತಿರುವಾಗ ನನ್ನ ಸರದ ಚಿಂತೆ ಅವಳಿಗೆ! ನಾನು ಸರವನ್ನು ಬಿಚ್ಚಿ ಪಟ್ಟಿಗೆ ಸೇರಿಸಿದೆ.

ಕೋರ್ಟಿನಲ್ಲಿ ಮುಖ ಮರೆಯಾಗುವಂತೆ ತಲೆಯ ಮೇಲೆ ಸೆರಗು ಹೊದ್ದು ಕಟಕಟೆ ಹತ್ತಿದೆ. ಫೈನಾನ್ಸಿನವನ ವಕೀಲ, ಈ ಹೆಂಗಸು ಎಷ್ಟೋ ಮುಚ್ಚಿಟ್ಟಿದ್ದಾಳೆ ಎಂದು ವಾದಿಸಿದ. ಜಡ್ಜು ಪಟ್ಟಿಯನ್ನು ಕೊನೆಯವರೆಗೂ ಓದಿದರು.

"ಇದೇನಮ್ಮ, ಹಾಲಿನವನಿಗೆ ನಲವತ್ತಾರು ರೂಪಾಯಿ ಅಂತ ಬರೆದಿದ್ದೀರಿ?"

"ಅದೂ ಕೊಡ್ಬೇಕಾದ್ದೇ ಸ್ವಾಮಿ," ಎಂದೆ.

ಅವರು ಕನ್ನಡಕ ತೆಗೆದು ಆ ವಕೀಲನ ಕಡೆ ನೋಡಿದರು. ಅವನು ಫೈಲು ಮಡಚಿ ಕೂತ. ನನ್ನ ಹೆದರಿಕೆ ಅಲ್ಲಿಗೆ ಬಿಟ್ಟುಹೋಯಿತು ಮಗು. ನಾನು ಮೆಟ್ಟಿಲಿಳಿದು ಹೊರಗೆ ಬಂದಾಗ ತಲೆಯ ಮೇಲೆ ಸೆರಗು ಇರಲಿಲ್ಲ.

ಸೈಟು ಹೋಯಿತು, ಒಂಬತ್ತು ಮಷೀನು ಹೋದವು. ಎಲ್ಲರಿಗೂ ರೂಪಾಯಿಗೆ ಐವತ್ತೆರಡು ಪೈಸೆ ಸಿಕ್ಕಿತು. ಕಸುಬಿನದೆಂದು ಒಂದು ಮಷೀನು ನನಗೆ ಬಿಟ್ಟರು. ಅದರಲ್ಲೇ ಈ ಮಾರ್ಕೆಟ್ ರಸ್ತೆಯ ಕೋಣೆಯಲ್ಲಿ ರವಿಕೆ ಹೊಲಿಯುತ್ತೇನೆ. ಇಂದಿರಾನಗರದಿಂದಲೂ ಹೆಂಗಸರು ಹುಡುಕಿಕೊಂಡು ಬರುತ್ತಾರೆ. ಶರ್ಫುನ್ನೀಸಾಗೆ ಉಳಿದದ್ದನ್ನು ಕೊಡಬೇಕೆಂದು ಈಗ ಕಾನೂನು ಹೇಳುವುದಿಲ್ಲ. ಆದರೂ ತಿಂಗಳಿಗೆ ಮುನ್ನೂರು ಕೊಡುತ್ತೇನೆ. ಬೇಡ ಎನ್ನುತ್ತಾಳೆ. ಅವಳ ಚೀಲದೊಳಗೆ ತುರುಕಿ ಕಳಿಸುತ್ತೇನೆ.

ನಿನ್ನ ಅಪ್ಪ ಬದುಕಿದ್ದಾಗ ಕೊಂಡ ಸೈಟನ್ನು ನಿನಗೆ ಕೊಡಲಾಗಲಿಲ್ಲ. ಅದು ನನಗೂ ನೋವು. ಆದರೆ ನಾನು ನಾಚಿಕೊಳ್ಳುವಂಥದ್ದೇನೂ ಮಾಡಲಿಲ್ಲ. ಈಗ ಬೀದಿಯಲ್ಲಿ ಯಾರು ಕರೆದರೂ ನಿಂತು ಮಾತಾಡುತ್ತೇನೆ.

ನೀನು ಕೈಹಿಡಿದ ಕೆಲಸವೆಲ್ಲ ಒಳ್ಳೆಯದಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ ಅಮ್ಮ,
ಗೋವಿಂದಮ್ಮ

ಮರೆತ ಮಾತು: ಮೊನ್ನೆ ಇಂದಿರಾನಗರದ ರೇವತಿ ಎಂಬವರು ರೇಷ್ಮೆ ರವಿಕೆ ಹೊಲಿಸಲು ಬಂದಿದ್ದರು. ಅಣ್ಣನ ಮಗಳ ಮದುವೆಯಂತೆ, ಚಿತ್ರದುರ್ಗದಲ್ಲಿ, ಮಾರ್ಚ್ ಹತ್ತಕ್ಕೆ. ತಾರೀಕು ತೋರಿಸಲು ಲಗ್ನಪತ್ರಿಕೆ ಕೈಗೆ ಕೊಟ್ಟರು. ವರನ ಹೆಸರು ನಿನ್ನದು. ಕೆಳಗೆ 'ದಿವಂಗತ ಗೋವಿಂದಮ್ಮ ಮತ್ತು ದಿವಂಗತ ಚಿನ್ನಪ್ಪ ಇವರ ಪುತ್ರ' ಎಂದಿತ್ತು. ಎರಡು ಸಲ ಓದಿದೆ. ಪತ್ರಿಕೆಯನ್ನು ಮಡಚಿ ಅವರ ಕೈಗೆ ವಾಪಸ್ಸು ಕೊಟ್ಟೆ. ಗುರುವಾರಕ್ಕೆ ರವಿಕೆ ಕೊಡುತ್ತೇನೆ ಎಂದೆ. ಮದುವೆಗೆ ನಾನು ಬರುತ್ತೇನೆ ಸುನೀಲ. ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ನೀವು ಯಾರು ಎಂದು ಯಾರಾದರೂ ಕೇಳಿದರೆ ನಾನು ಬಾಯಿ ಬಿಡುವುದಿಲ್ಲ. ಅದನ್ನು ನೀನೇ ಹೇಳಬೇಕು.