ಕಣ್ಣು ತೆರೆದು ಮಾಡಿದ ಪ್ರಾರ್ಥನೆ

ನನ್ನ ಪಪ್ಪಾ,

ನಿನ್ನೆ ಸಂಜೆ ಅತ್ತೆಯ ಮನೆಯಲ್ಲಿ ಪ್ರಾರ್ಥನೆ ನಡೆಸಿದ್ದು ನಾನು, ಅದೂ ಕಣ್ಣು ತೆರೆದುಕೊಂಡು, ಅದೂ ಅತ್ತೆಯೇ ಹೇಳಿದ ಮೇಲೆ! ಅಯ್ಯೋ, ನಿನಗೆ ಮೊದಲು ಹೇಳಬೇಕಾದ್ದು ಬೇರೆಯೇ ಇದೆಯಲ್ಲ. ನನಗೆ ಮದುವೆಯಾಯಿತು. ಇಪ್ಪತ್ತಾರು ದಿನವಾಯಿತು. ಹುಡುಗನ ಹೆಸರು ಸುಧೀರ, ಚಿಂಚೋಳಿಯವನು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ, ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕಿಕೊಳ್ಳುತ್ತಾನೆ, ಮತ್ತು ಪಪ್ಪಾ, ಅವನು ಭಾಳ ಒಳ್ಳೆಯವನು. ನೀನು ಹೋಗಿ ವರ್ಷ ತುಂಬುವ ಮೊದಲು ಮದುವೆ ಬೇಡ ಎಂದವರಿದ್ದರು. ಮಮ್ಮಿ ಕೇಳಲಿಲ್ಲ.

ಸಂಬಂಧ ಬಂದ ದಿನವೇ ನಾನು ಹೂಂ ಅಂದುಬಿಡುತ್ತಿದ್ದೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಆದರೆ ಬಾಯಿ ತೆರೆಯುವಷ್ಟರಲ್ಲಿ ನಿನ್ನ ಗೇಟು ನೆನಪಾಯಿತು. ಚಿತ್ತಾಪುರ ಮತ್ತು ವಾಡಿಯ ನಡುವಿನ ಆ ರೈಲ್ವೆ ಗೇಟಿನಲ್ಲಿ ಒಂದು ಗಾಡಿ ಹೋದ ಮೇಲೂ ನೀನು ಗೇಟು ಎತ್ತುತ್ತಿರಲಿಲ್ಲ. ಎರಡನೇ ಲೈನಿನ ಕಡೆ ನೋಡಿ, 'ಇನ್ನೊಂದು ಅದ ಏನಪ್ಪಾ?' ಎಂದು ಕೇಳಿ ಸುಮ್ಮನೆ ನಿಲ್ಲುತ್ತಿದ್ದೆ. ಕ್ಯಾಬಿನ್ನಿನ ಫೋನಿನಲ್ಲಿ ಸ್ಟೇಷನ್ ಮಾಸ್ತರರನ್ನು ಕೇಳಿ ಆದ ಮೇಲೂ ಮತ್ತೆ ಯಾರನ್ನು ಕೇಳುತ್ತಿದ್ದೀ ಎಂದು ನನಗೆ ಅರ್ಥವಾಗಲು ಎಷ್ಟೋ ವರ್ಷ ಬೇಕಾಯಿತು. ನಾನೂ ಹಾಗೇ ದೇವರನ್ನು ಕೇಳಿದೆ. ಎರಡು ದಿನ ಸುಮ್ಮನಿದ್ದೆ. ಬೇಡ ಅನ್ನಿಸುವಂಥದ್ದೇನೂ ಬರಲಿಲ್ಲ. ಆಮೇಲೆ ಹೂಂ ಅಂದೆ.

ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಮಮ್ಮಿಯ ಜೊತೆ ನಿನಗೆ ಡಬ್ಬಿ ತಂದಿದ್ದೆ. ನೀನು ಹಸಿರು ಝಂಡಾ ಹಿಡಿದು ನಿಂತಿದ್ದೆ. ಗಾಡಿ ಹೋಗುತ್ತಿತ್ತು, ನಿನ್ನ ತುಟಿ ಅಲುಗುತ್ತಿತ್ತು. ಹತ್ತಿರ ಬಂದಾಗ ಕೇಳಿಸಿತು: 'ಇದರಾಗ ಕುಂತವರೆಲ್ಲ ತಮ್ಮ ತಮ್ಮ ಮನಿ ಮುಟ್ಲಿ. ಇವತ್ತೂ ನಂಗ ಕಣ್ಣ ಕೊಟ್ಟಿದಿ, ಸ್ತೋತ್ರ.' ನಮ್ಮ ಇಂಗ್ಲಿಷ್ ಶಾಲೆಯಲ್ಲಿ ಕೈ ಜೋಡಿಸಿ, ಕಣ್ಣು ಮುಚ್ಚಿ ಎಂದು ಕಲಿಸಿದ್ದರು. ಕಣ್ಣು ತೆರೆದು ಮಾಡಿದರೆ ದೇವರಿಗೆ ಕೇಳುವುದಿಲ್ಲ ಎಂದು ನಾನು ನಿನಗೇ ಪಾಠ ಮಾಡಿದೆ. ನೀನು ಡಬ್ಬಿಯ ಮುಚ್ಚಳ ತೆಗೆಯುತ್ತ ಏನಂದೆ, ನೆನಪಿದೆಯಾ? 'ಡ್ಯೂಟಿ ಮ್ಯಾಲ ನಾ ಕಣ್ಣ ಮುಚ್ಚಿದ್ರ ಎಷ್ಟ ಮಂದಿ ಸೀದಾ ದೇವರ ಹತ್ರಾನೇ ಹೋಗ್ತಾರ, ಗೊತ್ತದೇನು?' ಮಮ್ಮಿಗೆ ನಗು ಬಂದರೂ ನಗಲಿಲ್ಲ. ಅವಳ ಪ್ರಕಾರ ಅದು ಪ್ರಾರ್ಥನೆಯಲ್ಲ, ಡ್ಯೂಟಿಯ ಗೊಣಗಾಟ.

ಇನ್ನೊಂದು ಸಲ ದಂಡೋತಿ ಕಡೆಯ ಟೆಂಪೊದವನು ಹತ್ತು ನಿಮಿಷದಿಂದ ಗೇಟು ಹಾಕಿದ್ದೀ ಎಂದು ನಿನ್ನನ್ನು ವಾಚಾಮಗೋಚರ ಬೈದ. ನೀನು ಅವನ ಮುಖವನ್ನೇ ನೋಡುತ್ತ, ಅವನಿಗೆ ಕೇಳುವ ಹಾಗೆ, ಇವನ ಸಿಟ್ಟು ಇಳಿಯಲಿ, ಮನೆಯಲ್ಲಿ ಇವನಿಗಾಗಿ ಕಾಯುತ್ತಿರುವವರಿಗೆ ಇವನು ಕ್ಷೇಮವಾಗಿ ಸಿಗಲಿ ಎಂದು ಪ್ರಾರ್ಥಿಸತೊಡಗಿದೆ. ಅವನು ಗಾಬರಿಯಾಗಿ, 'ಏ ಮಾಮಾ, ಬೇಕಾರ ಬೈದುಬಿಡು, ನನ್ನ ಸಲುವಾಗಿ ದೇವರನ್ಯಾಕ ಕರೀಲಿಕತ್ತಿ' ಎಂದ. ಮುಂದಿನ ವಾರ ಅವನೇ ಬದನೆಕಾಯಿ ತಂದುಕೊಟ್ಟ. ನಿನ್ನ ಪ್ರಾರ್ಥನೆಗೆ ಸಿಕ್ಕ ಉತ್ತರಗಳಲ್ಲಿ ನಾನು ಕಣ್ಣಾರೆ ಕಂಡದ್ದು ಅದೊಂದೇ. ಆದರೆ ರುಚಿಯಾಗಿತ್ತು.

ಆಸ್ಪತ್ರೆಯ ಬೆಳಿಗ್ಗೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆರು ಗಂಟೆಗೆ ಎಲ್ಲ ಮುಗಿದಿತ್ತು. ನಿನ್ನ ಕಣ್ಣು ತೆರೆದೇ ಇತ್ತು. ಮಮ್ಮಿ ಹೊರಗಿದ್ದಳು. ನರ್ಸ್ ನನ್ನ ಕಡೆ ನೋಡಿ, ನೀವೇ ಮುಚ್ಚಿರಿ ಎಂದಳು. ಮುಚ್ಚಿದೆ. ರೆಪ್ಪೆ ಇನ್ನೂ ಬೆಚ್ಚಗಿತ್ತು. ಅಂದಿನಿಂದ ಪ್ರಾರ್ಥನೆಗೆಂದು ಕಣ್ಣು ಮುಚ್ಚಿದರೆ ನನ್ನ ಬೆರಳಿಗೆ ಅದೇ ಬಿಸಿ ಬರುತ್ತದೆ, ಮಾತು ನಿಂತುಹೋಗುತ್ತದೆ. ಅದಕ್ಕೇ ನಾನು ಕಣ್ಣು ತೆರೆದೇ ಮಾಡತೊಡಗಿದೆ. ರೊಟ್ಟಿ ಬಡಿಯುವಾಗ, ಬಸ್ಸಿಗೆ ಕಾಯುವಾಗ, ಬಟ್ಟೆ ಒಣಹಾಕುವಾಗ. ಬಿಸಿಲಿಗೆ ಸ್ತೋತ್ರ, ಸೀಟು ಸಿಕ್ಕಿದ್ದಕ್ಕೆ ಸ್ತೋತ್ರ. ದೊಡ್ಡ ಭಕ್ತಿ ಏನಲ್ಲ. ನಿನ್ನದೇ ಗೊಣಗಾಟ.

ಚಿಂಚೋಳಿಗೆ ಬಂದ ಮೊದಲ ದಿನವೇ ಇಲ್ಲಿನ ಪದ್ಧತಿ ತಿಳಿಯಿತು. ಮನೆಯಲ್ಲಿ ನಾವು ಮೂವರೇ. ಮಾವ ತೀರಿಕೊಂಡು ಬಹಳ ವರ್ಷವಾಗಿದೆ. ಅತ್ತೆ ಐನಾಪುರದಲ್ಲಿ ಅಂಗನವಾಡಿ ಟೀಚರ್. ಬೆಳಿಗ್ಗೆ, ಸಂಜೆ ತಲೆಯ ಮೇಲೆ ಸೆರಗು ಹೊದ್ದು, ಮೊಣಕಾಲೂರಿ ಪ್ರಾರ್ಥನೆ. ಚಿಕ್ಕವರಿಂದ ಶುರು, ಅಂದರೆ ನನ್ನಿಂದ. ನಾನು ತಲೆ ಬಗ್ಗಿಸಿ, ನೆಲದ ಶಹಾಬಾದ್ ಕಲ್ಲಿನ ಸಂದು ನೋಡುತ್ತ ಎರಡು ಮಾತು ಹೇಳಿ ಮುಗಿಸುತ್ತಿದ್ದೆ. ಅತ್ತೆಯದು ಓಣಿಯಿಂದ ಹೊರಟು, ತಾಲ್ಲೂಕು, ಜಿಲ್ಲೆ ದಾಟಿ, ದೇಶ ಸುತ್ತಿ ಬರುತ್ತದೆ. ಹೀಗೆ ಒಂದು ಬೆಳಿಗ್ಗೆ ಅವರು ಇನ್ನೂ ಜಿಲ್ಲೆಯಲ್ಲಿದ್ದಾಗ ಅಡುಗೆಮನೆಯಲ್ಲಿ ಹಾಲು ಉಕ್ಕಿ ಬರುವುದು ನನಗೆ ಕಾಣಿಸಿತು. ಮೆಲ್ಲಗೆ ಎದ್ದು ಹೋಗಿ ಒಲೆ ಆರಿಸಿ ಬಂದೆ. ಗ್ಯಾಸಿನ ಗುಂಡಿ ಟಕ್ ಅಂದಿತು.

ಆಮೆನ್ ಆದ ಮೇಲೆ ಅತ್ತೆ ನನ್ನ ಕಡೆ ತಿರುಗಿದರು. 'ಹಾಲು ಉಕ್ಕೂದು ನಿನಗ ಹ್ಯಾಂಗ ಗೊತ್ತಾತು?'

'ವಾಸನಿ ಬಂದಿರಬೇಕು ಬಿಡವ್ವ' ಎಂದ ಸುಧೀರ.

ನಾನೂ ಒಂದು ಹೂಂ ಅಂದಿದ್ದರೆ ಸಾಕಿತ್ತು, ಅಲ್ಲವಾ? ಹಾಲೂ ಉಳಿಯುತ್ತಿತ್ತು, ನಾನೂ ಉಳಿಯುತ್ತಿದ್ದೆ. ಏನು ಹೇಳಲಿ ಎಂದು ಒಳಗೇ ಕೇಳಿದೆ. ಕೇಳಿದ ಮೇಲೆ ಸುಳ್ಳು ಹೇಳುವುದು ಕಷ್ಟ. ಅದು ಮೊದಲೇ ಗೊತ್ತಿದ್ದರೆ ಕೇಳುತ್ತಲೇ ಇರಲಿಲ್ಲವೇನೋ. 'ಇಲ್ರಿ ಅತ್ತಿ, ಕಣ್ಣ ತಗದಿದ್ದೆ. ದಿನಾ ತಗದೇ ಇರ್ತೀನ್ರಿ.'

'ಅಂದ್ರ ಇಷ್ಟ ದಿನ ನಾವು ದೇವರನ್ನ ಕರೀಲಿಕತ್ತಾಗ ನೀ ಅಡಗಿಮನಿ ಕಾಯ್ಕೋತ ಕುಂತಿದ್ದಿ.'

ಆ ಸಂಜೆ ನನ್ನ ಸರದಿ ಬರಲಿಲ್ಲ. ಸುಧೀರನಿಂದ ಶುರುವಾಯಿತು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ಅತ್ತೆ ಊಟಕ್ಕೆ ಕರೆದರು, ಹೊಸ ಸೀರೆಗೆ ಫಾಲ್ ಹಚ್ಚಿಕೊಟ್ಟರು, ಮಾತೂ ಆಡಿದರು. ಆದರೆ ಈ ಮನೆಯಲ್ಲಿ ಪ್ರಾರ್ಥನೆಯ ಸರದಿ ಇಲ್ಲದವರು ಬಂದುಹೋಗುವ ನೆಂಟರು ಮಾತ್ರ ಎಂದು ನನಗೆ ತಿಳಿಯಿತು. ಮುಚ್ಚಿಬಿಡು, ಸುಮ್ಮನೆ ಮುಚ್ಚಿಕೊಂಡು ಕೂತಿರು, ಯಾರಿಗೆ ಗೊತ್ತಾಗುತ್ತದೆ ಎಂದ ಸುಧೀರ. ಪ್ರಯತ್ನಿಸಿದೆ ಪಪ್ಪಾ. ಬೆರಳು ಬಿಸಿಯಾಯಿತು. ಕಣ್ಣು ಬಿಟ್ಟೆ.

ನಿನ್ನೆ ಅತ್ತೆ ಅಂಗನವಾಡಿಗೆ ರಜೆ ಹಾಕಿದ್ದರು. ಮಧ್ಯಾಹ್ನ ಇಬ್ಬರೂ ತೊಗರಿಬೇಳೆಯಲ್ಲಿ ಕಲ್ಲು ಆರಿಸುತ್ತ ಕುಳಿತಿದ್ದೆವು. ನಾನೇ ಮಾತು ತೆಗೆದೆ. ನಿನ್ನ ಗೇಟು, ಝಂಡಾ, ಟೆಂಪೊದವನು, ಎಲ್ಲ ಹೇಳಿದೆ. ಅತ್ತೆ ಮೊರದಿಂದ ತಲೆ ಎತ್ತಲಿಲ್ಲ. ಆಸ್ಪತ್ರೆಯ ಮಾತು ಬಂದಾಗ ಮಾತ್ರ ಅವರ ಕೈ ನಿಂತಿತು.

'ನೀನೇ ಮುಚ್ಚಿದ್ದೇನು?'

'ಹೂಂ ರಿ.'

ಅತ್ತೆ ಒಂದು ಕಲ್ಲು ಆರಿಸಿ ಎಸೆದರು. ಆಮೇಲೆ ನನ್ನನ್ನು ನೋಡದೆಯೇ ಹೇಳಿದರು: 'ಐನಾಪುರ ಬಸ್ಸಿನ್ಯಾಗ ನಾನೂ ಕಣ್ಣ ತಗದೇ ಮಾಡ್ತೀನಿ. ಮುಚ್ಚಿದ್ರ ಸ್ಟಾಪ್ ದಾಟಿ ಹೋಗ್ತದ. ಹದಿನೆಂಟ ವರ್ಷ ಆತು, ಯಾರಿಗೂ ಹೇಳಿಲ್ಲ.' ಮತ್ತೆ ಬೇಳೆಗೆ ಕೈ ಹಾಕಿದರು. 'ಸಂಜಿಕ ನೀ ನಡಸು. ನಮಗ ಮುಚ್ಚೂದು ರೂಢಿ ಅದ, ಮುಚ್ಚತೀವಿ. ನೀ ತಗದೇ ಇರು.'

ಹೀಗೆ ನಡೆಸಿದೆ. ನನ್ನ ಕನ್ನಡ ನಿನಗೆ ಗೊತ್ತೇ ಇದೆ. ಕೃತಜ್ಞತೆ ಎನ್ನಲು ಹೋಗಿ ಎರಡು ಸಲ ಥ್ಯಾಂಕ್ಸ್ ಎಂದೆ. ಆದರೆ ಎದುರಿಗೆ ಇಬ್ಬರ ಮುಖವಿತ್ತು, ಅವರನ್ನು ನೋಡಿ ನೋಡಿ ಹೇಳಿದೆ. ಹಾಗೆ ನೋಡುತ್ತಿದ್ದರೆ ಹೇಳಲು ಎಷ್ಟೊಂದು ಸಿಗುತ್ತದೆ ಪಪ್ಪಾ! ಅತ್ತೆಯ ಬಿರುಕು ಬಿಟ್ಟ ಹಿಮ್ಮಡಿ, ಸುಧೀರನ ಅಂಗಿಗೆ ಹತ್ತಿದ ಸೀಮೆಸುಣ್ಣ. ನಡುವೆ ಅವನು ಒಂದೇ ಕಣ್ಣು ತೆರೆದು ನನ್ನನ್ನು ನೋಡಿ ಮುಚ್ಚಿಕೊಂಡ. ಅತ್ತೆ ನಿನ್ನೆ ದೇಶ ಸುತ್ತಲಿಲ್ಲ. ಕೊನೆಯಲ್ಲಿ, 'ಆ ಗೇಟಿನವರ ಸಲುವಾಗಿ ಸ್ತೋತ್ರ' ಎಂದರು. ನಿನ್ನ ಹೆಸರು ಅವರಿಗೆ ಗೊತ್ತು, ಮದುವೆಯ ಕಾರ್ಡಿನಲ್ಲಿತ್ತು. ಆದರೂ ಹಾಗೇ ಅಂದರು.

ಇವತ್ತು ಬೆಳಿಗ್ಗೆ ಅತ್ತೆಯೇ ಮಮ್ಮಿಗೆ ಫೋನ್ ಮಾಡಿ, ವಾಡಿಯಲ್ಲಿ ನಿನ್ನ ವರ್ಷದ ದಿನ ಸಮಾಧಿಯ ಹತ್ತಿರ ಸ್ತೋತ್ರದ ಪ್ರಾರ್ಥನೆ ಸೊಸೆಯೇ ಮಾಡಲಿ ಎಂದರು. ಆಮೇಲೆ ಫೋನು ನನ್ನ ಕೈಗೆ ಬಂತು. ಮಮ್ಮಿ ದನಿ ತಗ್ಗಿಸಿ, 'ಅಲ್ಲಿ ಫಾದರ್ ಇರ್ತಾರ, ಸಭೆಯವರೆಲ್ಲ ಇರ್ತಾರ. ಅಲ್ಲೂ ಕಣ್ಣ ತಗದೇ ಮಾಡ್ತಿ ಏನು?' ಎಂದು ಕೇಳಿದಳು. ಹೂಂ ಅಂದೆ. ಅವಳು, 'ಆತು, ನಿಮ್ಮಪ್ಪನ ಕಡಿ ನೋಡಿ ಮಾಡು' ಎಂದಳು.

ನಿನ್ನ ಗೇಟು ತೆಗೆದುಹಾಕಿದ್ದಾರೆ, ಅದು ನಿನಗೆ ಗೊತ್ತಿಲ್ಲ. ಈಗ ರಸ್ತೆ ಹಳಿಯ ಕೆಳಗೆ ಹೋಗುತ್ತದೆ, ಯಾರೂ ಯಾರಿಗೂ ಕಾಯಬೇಕಿಲ್ಲ. ಆದರೂ ಆ ಜಾಗ ಬಂದಾಗ ಗಾಡಿಯೊಳಗಿಂದ ತೋರಿಸುತ್ತೇನೆ ಎಂದು ಅತ್ತೆಗೆ ಮಾತು ಕೊಟ್ಟಿದ್ದೇನೆ. ನಾವು ಮೂವರೂ ಬರುತ್ತಿದ್ದೇವೆ. ಬರುವ ಶನಿವಾರ, ಸೇಡಂನಿಂದ ವಾಡಿಗೆ ಹೋಗುವ ಬೆಳಗಿನ ಪ್ಯಾಸೆಂಜರ್‌ಗೆ.